ಮೂರನೆಯ ಪಾಲು

ಬಟ್ಟೆ ಸುಟ್ಟು ಹೋಗುವುದಕ್ಕೆ ಒಂದು ಕ್ಷಣ ಮೊದಲು ಬರುವ ವಾಸನೆಯೇ ಬೇರೆ. ಸುಟ್ಟ ಮೇಲೆ ಬರುವ ಕಮಟು ಅದಲ್ಲ. ಅದಕ್ಕೂ ಮುಂಚೆ, ಹತ್ತಿಯೊಳಗಿನ ಪಸೆಯೆಲ್ಲ ಆರಿ, ಗಂಜಿ ಬಿಸಿಯಾಗಿ, ಇನ್ನೇನು ಕಂದು ಬಣ್ಣಕ್ಕೆ ತಿರುಗಬೇಕು ಅನ್ನುವಾಗ ಮೂಗಿಗೆ ಬಡಿಯುವ ಒಂದು ಬಗೆಯ ಸಿಹಿ. ಅವಳಿಗೆ ಅದು ಅಮ್ಮನ ವಾಸನೆ. ಅಮ್ಮ ಬೀದಿಯವರ ಅಂಗಿಗಳಿಗೆಲ್ಲ ಇಸ್ತ್ರಿ ಹಾಕುತ್ತಿದ್ದಳು. ಮೇಜಿನ ಆ ತುದಿಯಲ್ಲಿ, ಗೋಡೆಗೆ ಒರಗಿಸಿ ಒಂದು ಪುಸ್ತಕ ನಿಲ್ಲಿಸಿಕೊಳ್ಳುತ್ತಿದ್ದಳು. ಹಾಳೆ ಮಗುಚಿಕೊಳ್ಳದಂತೆ ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು. ಕೈ ಅಂಗಿಯ ಮೇಲೆ ಹೋಗಿ ಬರುತ್ತಿತ್ತು, ಕಣ್ಣು ಮಾತ್ರ ಅಲ್ಲಿ. ಕಥೆ ಬಿಗಿಯಾದಾಗ ಕೈ ನಿಲ್ಲುತ್ತಿತ್ತು. ಆಗ ಆ ವಾಸನೆ. "ಅಮ್ಮಾ, ಅಂಗಿ!" ಎಂದು ಕೂಗುವುದು ಅವಳ ಪಾಲಿನ ಕೆಲಸ. ಒಂದು ದಿನ ಕೂಗುವುದು ತಡವಾಯಿತು. ಯಾರದೋ ಹೊಸ ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಮೂಡಿಬಿಟ್ಟಿತು. ಅಪ್ಪ ಬಯ್ಯಲಿಲ್ಲ, ಗೋಡೆಗೊರಗಿದ್ದ ಪುಸ್ತಕವನ್ನು ತೆಗೆದು, ಅಟ್ಟದ ಮೇಲಿದ್ದವನ್ನೂ ಕೂಡಿಸಿ, ಹಳೆಯ ಪೇಪರಿನವನ ತಕ್ಕಡಿಗೆ ಹಾಕಿದ. ಅಮ್ಮ ತಲೆ ಎತ್ತದೆ ಕಾಲರು ಮಡಿಚುತ್ತಿದ್ದಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಡುಗಿಗೆ ಆಗ ಏನನ್ನಿಸಿತ್ತು? ಖುಷಿಯಾಗಿತ್ತು. ಇನ್ನು ತಾನು ಕರೆದ ಕೂಡಲೇ ಅಮ್ಮ ತಿರುಗಿ ನೋಡುತ್ತಾಳೆ ಎಂಬ ಖುಷಿ. ಆಮೇಲೆ ಅಮ್ಮ ಕರೆದ ಕೂಡಲೇ ತಿರುಗಿ ನೋಡುತ್ತಲೂ ಇದ್ದಳು, ಸುಳ್ಳಲ್ಲ. ಆದರೆ ಆ ಕಣ್ಣು ಗೋಡೆಯ ಖಾಲಿ ಜಾಗದಿಂದ ಇವಳ ಮುಖದವರೆಗೆ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

"ಏನಮ್ಮಾ, ಫ್ರೇಮು ಬಗ್ಗಿಸ್ತಿದೀಯೋ, ಬೇಯಿಸ್ತಿದೀಯೋ?"

ಅವಳು ಕೆಲಸ ಮಾಡುವ ಕನ್ನಡಕದಂಗಡಿಯ ಯಜಮಾನರು ಪಕ್ಕದಲ್ಲಿ ಬಂದು ನಿಂತಿದ್ದರು. ಅವಳು ಬೆಚ್ಚಿ, ಬಿಸಿಗಾಳಿಯ ಮೂತಿಯಿಂದ ಫ್ರೇಮನ್ನು ಹಿಂದಕ್ಕೆಳೆದಳು. ಗಿರಾಕಿಯ ಕಿವಿಗೆ ಒತ್ತುತ್ತದೆಂದು ಕಾಲನ್ನು ಕೊಂಚ ಸಡಿಲಿಸಲು ಹಿಡಿದದ್ದು; ಅದೀಗ ಮೆತ್ತಗಾಗಿ, ಬಾಡಿದ ಬಳ್ಳಿಯ ಹಾಗೆ ಸೊಟ್ಟಗೆ ಜೋತಿತ್ತು. ಇಷ್ಟು ವರ್ಷಗಳಲ್ಲಿ ಅವಳ ಕೈಯಲ್ಲಿ ಒಂದು ಫ್ರೇಮೂ ಹೀಗಾದದ್ದಿಲ್ಲ. "ಕ್ಷಮಿಸಿ ಸರ್" ಎಂದಳು. ಆದರೆ ಮುಖ ಮಾತ್ರ ತಪ್ಪು ಮಾಡಿದವಳ ಮುಖದ ಹಾಗಿರಲಿಲ್ಲ. ಅದು ಅವಳಿಗೇ ಗೊತ್ತಾಗುತ್ತಿತ್ತು. ಕೆನ್ನೆ ಬೆಚ್ಚಗಿತ್ತು, ಬೆರಳ ತುದಿಗಳಲ್ಲಿ ಇರುವೆ ಹರಿದಂತೆ. ಅವಳ ತಲೆಯಲ್ಲಿ ಇದ್ದದ್ದು ಒಂದೇ ಒಂದು ಅರ್ಧ ವಾಕ್ಯ. *ದೊಡ್ಡ ಹುಡುಗಿ ಲಾಟೀನು ಎತ್ತಿ ಹಿಡಿದಳು. ಬಾಗಿಲಲ್ಲಿ ನೀರು ಸುರಿಸುತ್ತ ನಿಂತಿದ್ದವರು.* ಅಷ್ಟೇ. ಅಲ್ಲಿಗೆ ಪುಸ್ತಕದಲ್ಲಿ ಅವಳ ಪಾಲು ಮುಗಿದಿತ್ತು. ನಿಂತಿದ್ದವರು ಯಾರು? ಅದು ಮೂರನೆಯ ಪಾಲಿನ ಮೊದಲ ಸಾಲಿನಲ್ಲಿದೆ, ಮೂರನೆಯ ಪಾಲು ಆಡಿಟರ್ ಹತ್ತಿರ ಇದೆ, ಮತ್ತು ಸಂಜೆ ಐದಕ್ಕೆ ಮಗಳ ಶಾಲೆಯಲ್ಲಿ ಸಭೆ. ಆ ಪುಸ್ತಕ ಮಕ್ಕಳ ಲೈಬ್ರರಿಯಲ್ಲಿ ಇರಬೇಕೋ ಬೇಡವೋ ಎಂದು ಮೂವರು ಪೋಷಕರು ಸೇರಿ ಇವತ್ತು ತೀರ್ಮಾನ ಮಾಡಬೇಕು. ಬೇಡ ಎಂದು ಊರಿಗೆಲ್ಲ ಮೊದಲು ಹೇಳಿದವಳು ಅವಳೇ.

ಯಜಮಾನರು ಸೊಟ್ಟ ಫ್ರೇಮನ್ನು ತೆಗೆದುಕೊಂಡು ಗಿರಾಕಿಗೆ ಕಾಣದ ಹಾಗೆ ಜೇಬಿಗೆ ಹಾಕಿ, ಕಪಾಟಿನಿಂದ ಅಂಥದೇ ಇನ್ನೊಂದನ್ನು ತೆಗೆದುಕೊಟ್ಟರು. ಅವರು ಹಾಗೆ ಏನೂ ಅನ್ನದೆ ಹೋಗುವುದನ್ನು ಬೇರೆ ದಿನವಾಗಿದ್ದರೆ ಅವಳು ಸಂಜೆಯವರೆಗೂ ನೆನೆಸಿಕೊಂಡು ಕುಗ್ಗುತ್ತಿದ್ದಳು. ಇವತ್ತು ಅದಕ್ಕೂ ಪುರುಸೊತ್ತಿಲ್ಲ. ಮುಂದಿನ ಗಿರಾಕಿಗೆ ಹತ್ತಿರದ ಓದಿನ ಕಾರ್ಡು ಕೊಟ್ಟಳು. ಮೇಲಿಂದ ಕೆಳಕ್ಕೆ ಅಕ್ಷರ ಚಿಕ್ಕದಾಗುತ್ತ ಹೋಗುವ ಕಾರ್ಡು. ಗಾಳಿಪಟ ಹುಡುಕಿಕೊಂಡು ಗುಡ್ಡ ಹತ್ತುವ ಒಬ್ಬ ಹುಡುಗನ ನಾಲ್ಕು ಮಾತು, ಕೊನೆಯದು ಇರುವೆಯ ಕಾಲಿನಷ್ಟು ಸಣ್ಣದು. ದಿನಾ ಹತ್ತಾರು ಜನ ಅದನ್ನು ಅವಳೆದುರು ಓದುತ್ತಾರೆ. ಆ ಹುಡುಗನಿಗೆ ಗಾಳಿಪಟ ಸಿಕ್ಕಿತೇ ಎಂದು ಈವರೆಗೆ ಯಾರೂ ಕೇಳಿಲ್ಲ, ಅವಳೂ ಕೇಳಿಕೊಂಡಿಲ್ಲ. ಇವತ್ತು ಯಾಕೋ ಕಾರ್ಡು ಮಾಡಿದವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಗುಡ್ಡ ಹತ್ತಿಸಿ ಕೈಬಿಡುವುದು ಯಾವ ನ್ಯಾಯ?

ಇದೆಲ್ಲ ಶುರುವಾದದ್ದು ಒಂದು ಸಂಜೆ ಮಗಳನ್ನು ಊಟಕ್ಕೆ ಕರೆದದ್ದರಿಂದ. ಕರೆದಳು, ಮಗಳು ಹೂಂ ಅಂದಳು. ಮತ್ತೆ ಕರೆದಳು, ಹೂಂ ಕೂಡ ಬರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಹುಡುಗಿ ಮಂಚದ ಮೇಲೆ ಮೊಣಕಾಲು ಮಡಿಚಿಕೊಂಡು, ಜಡೆಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು, ಪುಸ್ತಕದೊಳಗೆ ಇಳಿದುಬಿಟ್ಟಿದ್ದಳು. ಅಮ್ಮ ಹೊಸಿಲಲ್ಲಿ ನಿಂತದ್ದು, ನೆರಳು ಹಾಳೆಯ ಮೇಲೆ ಬಿದ್ದದ್ದು, ಯಾವುದೂ ಅವಳ ಪಾಲಿಗೆ ಇರಲಿಲ್ಲ. ಬಾಗಿಲಲ್ಲಿ ನಿಂತವಳಿಗೆ ಎದೆಯೊಳಗೆ ಏನೋ ಚುರ್ರೆಂದಿತು. ಅದಕ್ಕೊಂದು ಹೆಸರಿಡುವ ಮೊದಲೇ ಕೈ ಮುಂದೆ ಹೋಗಿ ಪುಸ್ತಕ ಕಿತ್ತುಕೊಂಡಿತ್ತು. "ಅಂಥಾದ್ದೇನಿದೆಯೇ ಇದರಲ್ಲಿ?" ಎಂದು ತೆರೆದಿದ್ದ ಪುಟದ ಮೇಲೆ ಕಣ್ಣಾಡಿಸಿದಳು. ದೋಣಿ ನಡೆಸುವ ಹೆಂಗಸು. ಮೂವರು ಮಕ್ಕಳು ಮಲಗಿದ್ದಾರೆ. ಹೆಂಗಸು ಹೊರಗಿನಿಂದ ಬಾಗಿಲಿಗೆ ಅಗುಳಿ ಹಾಕಿ, ಕತ್ತಲಲ್ಲಿ ನದಿಯ ಕಡೆ ಹೊರಡುತ್ತಾಳೆ. ಒಮ್ಮೆಯೂ ಹಿಂತಿರುಗಿ ನೋಡುವುದಿಲ್ಲ. ಸಾಕಾಯಿತು. ಸಿಟ್ಟಿಗೆ ಒಂದು ಕಾರಣ ಬೇಕಿತ್ತು, ಸಿಕ್ಕಿತು. ಮರುದಿನ ಶಾಲೆಯ ಗೇಟಿನ ಹತ್ತಿರ ನಾಲ್ಕು ಜನ ತಾಯಂದಿರ ನಡುವೆ ನಿಂತು, "ಮಕ್ಕಳನ್ನ ಕೂಡಿಹಾಕಿ ರಾತ್ರೋರಾತ್ರಿ ಎದ್ದು ಹೋಗೋ ತಾಯಿ ಕಥೆ ಕಣ್ರೀ! ಇದನ್ನ ಓದಿ ನಮ್ಮ ಮಕ್ಕಳು ಏನು ಕಲೀಬೇಕು?" ಎಂದಳು. ಅಯ್ಯೋ, ಹೌದಾ, ನೋಡಿ ಮತ್ತೆ, ಅಂದರು. ಎಲ್ಲರೂ ಅವಳ ಮುಖವನ್ನೇ ನೋಡಿದರು. ಎಷ್ಟೋ ಕಾಲದ ಮೇಲೆ ಅಷ್ಟು ಜನ ಒಟ್ಟಿಗೆ ಅವಳ ಮಾತು ಕೇಳಿದ್ದು. ಅದೂ ಚೆನ್ನಾಗಿಯೇ ಇತ್ತು. ಮಗಳು ಚೀಲ ಹೊತ್ತುಕೊಂಡು ತುಸು ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಮನೆಗೆ ಬರುವಾಗ ಕೈ ಹಿಡಿಯಲಿಲ್ಲ.

ಗೇಟಿನ ಮಾತು ಟೈಲ್ಸ್ ಅಂಗಡಿಯವರ ಕಿವಿಗೆ ಬಿತ್ತು. ಅವರ ಮಗ ಅದೇ ತರಗತಿ. ಪೋಷಕರ ಪುಸ್ತಕ ಸಮಿತಿ ಎಂದು ಒಂದನ್ನು ಅವರೇ ಕಟ್ಟಿದರು, ಅವರೇ ಅಧ್ಯಕ್ಷರಾದರು, ಲೆಕ್ಕ ಗೊತ್ತಿರುವವರೊಬ್ಬರು ಇರಲಿ ಎಂದು ಆಡಿಟರನ್ನು ಸೇರಿಸಿಕೊಂಡರು, ಮಾತು ಎತ್ತಿದವರು ನೀವೇ ತಾನೆ ಎಂದು ಇವಳನ್ನೂ. ಮೊದಲ ಸಭೆಯಲ್ಲೇ ತೊಡಕು ಬಂತು. ಪುಸ್ತಕ ಒಂದೇ, ಓದಬೇಕಾದವರು ಮೂವರು. ಒಬ್ಬರಾದ ಮೇಲೆ ಒಬ್ಬರು ಓದುತ್ತ ಕೂತರೆ ಮಕ್ಕಳು ಶಾಲೆ ಬಿಟ್ಟು ಹೋಗಿರುತ್ತಾರೆ. ಟೈಲ್ಸ್‌ನವರು ಡಬ್ಬ ಕತ್ತರಿಸುವ ಬ್ಲೇಡನ್ನು ಜೇಬಿನಿಂದ ತೆಗೆದರು. "ಮೂರು ಜನ, ಮೂರು ಪಾಲು. ಅವರವರ ಪಾಲು ಅವರವರು ಓದೋದು, ಕೂತು ಹೇಳೋದು, ಮುಗೀತು. ಮನೆ ಕಟ್ಟೋವಾಗ ಒಬ್ಬನೇ ಪಾಯಾನೂ ಹಾಕಿ ಬಣ್ಣಾನೂ ಬಳೀತಾನಾ?" ಈ ಮಾತು ಎಷ್ಟು ಸರಿಯಾಗಿ ಕೇಳಿಸಿತೆಂದರೆ ಯಾರೂ ಬಾಯಿ ತೆರೆಯಲಿಲ್ಲ. "ಸ್ವಲ್ಪ ಗಟ್ಟಿ ಹಿಡ್ಕೊಳ್ಳಿ ಅಮ್ಮ" ಎಂದು ಅವಳಿಗೆ ಹೇಳಿದರು. ಅವಳು ಹಿಡಿದುಕೊಂಡಳು, ಎರಡೂ ಕೈಯಲ್ಲಿ. ಬ್ಲೇಡು ಇಳಿಯಿತು, ಪುಸ್ತಕದ ಬೆನ್ನಿನ ಗೋಂದು ಬಿರಿಯುವ ಚರಚರ ಅಂಗೈಗೆ ತಾಗಿತು. ಲೈಬ್ರರಿ ಮೇಡಂ ಕಿಟಕಿಯ ಕಡೆ ತಿರುಗಿ ಅಲ್ಲಿದ್ದ ಗಿಡಕ್ಕೆ ನೀರು ಹಾಕುತ್ತಿದ್ದರು. ಗಿಡದ ತಟ್ಟೆ ತುಂಬಿ ನೆಲದ ಮೇಲೆ ಹರಿದರೂ ಹಾಕುತ್ತಲೇ ಇದ್ದರು. ಆಮೇಲೆ ಬಂದು, ಮೂರು ತುಂಡಿಗೂ ಒಂದೊಂದು ಕಂದು ಕಾಗದದ ಹೊದಿಕೆ ಹಾಕಿ, ಮಗುವಿಗೆ ಸ್ವೆಟರು ತೊಡಿಸಿದ ಹಾಗೆ ಅಂಚುಗಳನ್ನು ಎಳೆದು ಸರಿಮಾಡಿ, ಅವರವರ ಕೈಗೆ ಕೊಟ್ಟರು. "ತೀರ್ಮಾನ ಆಗೋವರೆಗೆ ಮಕ್ಕಳ ಕೈಗೆ ಕೊಡಬಾರ್ದು" ಎಂದರು ಟೈಲ್ಸ್‌ನವರು. ಮೇಡಂ ತಲೆಯಾಡಿಸಿದರು.

ಮೊದಲ ಪಾಲು ಟೈಲ್ಸ್‌ನವರಿಗೆ, ನಡುವಿನದು ಅವಳಿಗೆ, ಕೊನೆಯದು ಆಡಿಟರಿಗೆ. ಅವಳು ಬಸ್ಸಿನಲ್ಲಿ ಪೆನ್ಸಿಲು ಹಿಡಿದು ಕೂತಳು, ತಪ್ಪು ಕಂಡಲ್ಲಿ ಗೆರೆ ಎಳೆಯಲು. ಮೊದಲ ಪುಟದಲ್ಲೇ ಒಂದು ಗೆರೆ. ಆಮೇಲೆ ಒಂದು. ತಾಯಿ ಯಾಕೆ ಹೊರಟಳೆಂದರೆ ಆಚೆ ದಡದಲ್ಲಿ ಯಾರೋ ಕೂಗುತ್ತಿದ್ದಾರೆ, ನೀರು ಏರುತ್ತಿದೆ, ದೋಣಿ ಇರುವುದು ಇವಳೊಬ್ಬಳ ಹತ್ತಿರ. ಹಿಂತಿರುಗಿ ನೋಡಿದರೆ ಹೋಗಲಾರೆನೆಂದೇ ಅವಳು ನೋಡಲಿಲ್ಲ. ಮಕ್ಕಳು ಎದ್ದು ನದಿಗೆ ಓಡಿ ಬಂದಾರೆಂದು ಅಗುಳಿ ಹಾಕಿದಳು. ಒಳಗೆ ದೊಡ್ಡ ಹುಡುಗಿಗೆ ಎಚ್ಚರವಾಗುತ್ತದೆ. ತಮ್ಮಂದಿರಿಗೆ ಹೆದರಿಕೆಯಾಗದಿರಲೆಂದು ಅವಳು ಸುಳ್ಳು ಹೇಳುತ್ತಾಳೆ, ಅಮ್ಮ ಸೌದೆ ತರಲು ಹೋಗಿದ್ದಾಳೆ, ಈಗ ಬರುತ್ತಾಳೆ. ಹೇಳುತ್ತ ಹೇಳುತ್ತ ಅಮ್ಮನನ್ನು ಒಳಗೊಳಗೇ ದ್ವೇಷಿಸುತ್ತಾಳೆ. ದ್ವೇಷಿಸಿದ್ದಕ್ಕೆ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತಾಳೆ. ಬಾಗಿಲ ಕೆಳಗಿನಿಂದ ನೀರಿನ ಒಂದು ನಾಲಗೆ ಒಳಗೆ ಬರುತ್ತದೆ. ಪೆನ್ಸಿಲು ಯಾವಾಗ ಕೈಯಿಂದ ಜಾರಿತೋ, ಸೀಟಿನ ಕೆಳಗೆ ಎಲ್ಲಿ ಉರುಳಿತೋ. ಅವಳ ನಿಲ್ದಾಣ ಬಂದು ಹೋಯಿತು, ಅದರ ಮುಂದಿನದೂ ಹೋಯಿತು. ಕಂಡಕ್ಟರು, "ಅಕ್ಕಾ, ಡಿಪೋಗೆ ಬರ್ತೀರಾ ನಮ್ಮ ಜೊತೆ?" ಎಂದಾಗ ತಲೆ ಎತ್ತಿ, ಇಳಿದು, ಬಂದ ದಾರಿಯನ್ನೆಲ್ಲ ನಡೆದುಕೊಂಡು ಹಿಂದೆ ಹೋದಳು. ನಡೆಯುವಾಗ ನಗು ಬರುತ್ತಿತ್ತು. ಈ ವಯಸ್ಸಿನಲ್ಲಿ, ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು, ಬೀದಿಯಲ್ಲಿ ಒಬ್ಬಳೇ ನಗುವುದೆಂದರೆ!

ಆದರೆ ಮನೆಗೆ ಬಂದು ಅದನ್ನು ಯಾರಿಗೆ ಹೇಳಬೇಕು? ಗಂಡನಿಗೆ ಆ ತಿಂಗಳು ರಾತ್ರಿ ಪಾಳಿ. ಹೇಳಬೇಕಾದವಳು ಒಬ್ಬಳೇ, ಮಗಳು ಊಟದ ಮೇಜಿನ ಆಚೆ ಬದಿ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು. ಕರೆದರೆ ಈಗ ಒಂದೇ ಕೂಗಿಗೆ ಬರುತ್ತಾಳೆ. ಅಷ್ಟೂ ದಿನದಿಂದ ಹಾಗೇ, ಒಂದೇ ಕೂಗಿಗೆ. ಆ ಪಾಲು ಇವಳ ಕೈಚೀಲದಲ್ಲಿ, ಕೊಡೆಯ ಅಡಿಯಲ್ಲಿತ್ತು. ಒಂದು ಬೆಳಿಗ್ಗೆ ಚೀಲದ ಜಿಪ್ಪು ಪೂರ್ತಿ ಎಳೆದದ್ದನ್ನು ಕಂಡು, ತಾನು ಯಾವಾಗಲೂ ಅರ್ಧ ಎಳೆಯುವವಳಲ್ಲವೇ ಎಂದುಕೊಂಡು, "ನನ್ನ ಚೀಲ ಮುಟ್ಟಿದ್ಯಾ?" ಎಂದು ಕೇಳಿಬಿಟ್ಟಿದ್ದಳು. ಮಗಳು ಶೂ ದಾರ ಕಟ್ಟುತ್ತ, "ಅದರಲ್ಲಿ ನನ್ನದೇನಿದೆ?" ಎಂದಳು. ಹನ್ನೆರಡರ ಹುಡುಗಿ. ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು: ಹಿಂದಿನ ದಿನ ಮಳೆ ಬಂದಿತ್ತು, ಒಳಗಿನದು ನೆನೆಯಬಾರದೆಂದು ಜಿಪ್ಪನ್ನು ತಾನೇ ಎಳೆದಿದ್ದಳು. ಇಳಿದು ಓಡಿಹೋಗಿ ಹೇಳಬೇಕೆನಿಸಿತು. ಹೇಳಲಿಲ್ಲ. ಅದು ಅಲ್ಲಿಗೇ ಹೆಪ್ಪುಗಟ್ಟಿ ಉಳಿಯಿತು.

ಮಧ್ಯಾಹ್ನದ ಬಿಡುವು ಸಿಕ್ಕಿದ್ದೇ ತಡ, ಡಬ್ಬಿಯನ್ನು ಬಿಚ್ಚದೆ, ಎರಡು ಬೀದಿ ಆಚೆಯ ಆಡಿಟರ ಕಚೇರಿಗೆ ಓಡಿದಳು. ಮೆಟ್ಟಿಲು ಹತ್ತುವಾಗ ಉಸಿರು ಮೇಲೆ ಕೆಳಗಾಯಿತು. ಆಡಿಟರು ದೊಡ್ಡ ಮೈಯವರು, ಸಣ್ಣ ದನಿಯವರು. ಕಡತಗಳ ನಡುವೆ, ತಮ್ಮ ಮೈಗೆ ಜಾಗ ಸಾಲದವರ ಹಾಗೆ ಭುಜ ಕುಗ್ಗಿಸಿಕೊಂಡು ಕೂತಿದ್ದರು.

"ಸರ್, ನಿಮ್ಮ ಪಾಲು ಒಂದು ಗಳಿಗೆ ಕೊಡ್ತೀರಾ? ಇಲ್ಲೇ ನಿಂತು ನೋಡಿ ಕೊಟ್ಬಿಡ್ತೀನಿ."

"ಯಾಕಮ್ಮ? ನಿಮ್ಮ ಪಾಲು ನಿಮ್ಮ ಹತ್ರ ಇದೆಯಲ್ಲ."

"ಬಾಗಿಲಲ್ಲಿ ನಿಂತಿದ್ದು ಯಾರು, ಅದಾದ್ರೂ ಹೇಳಿ ಸಾಕು."

"ಯಾವ ಬಾಗಿಲು?"

"ನಿಮ್ಮ ಪಾಲಿನ ಮೊದಲನೇ ಸಾಲು ಸರ್! ನಿನ್ನೆ ಫೋನಲ್ಲಿ ಓದಿದೀನಿ, ಅಷ್ಟು ಸರಿ ಇಲ್ಲ ಅಂದ್ರಲ್ಲ?"

ಆಡಿಟರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಅವರ ಕಿವಿ ಕೆಂಪಗಾಗಿತ್ತು. "ನೋಡಿ, ಯಾರ ಹತ್ರಾನೂ ಅನ್ಬೇಡಿ. ನಾನು ಓದಿಲ್ಲ. ಓದೋಣ ಅಂತಾನೇ ಇದ್ದೆ. ಹಾಸಿಗೆ ಪಕ್ಕ ಇಟ್ಟಿದ್ದೆ, ನಮ್ಮಮ್ಮ ಎತ್ಕೊಂಡು ಹೋದ್ರು. ಕೇಳಿದ್ರೆ ದಿಂಬಿನ ಕೆಳಗಿಟ್ಕೊಂಡು ಅದರ ಮೇಲೆ ಮಲಗ್ತಾರೆ. ಇದರ ಮೊದಲಿಂದು ಎಲ್ಲೋ, ತಂದುಕೊಡೋ ಅಂತ ನನ್ನ ಪ್ರಾಣ ಹಿಂಡ್ತಿದಾರೆ."

"ಅವರು ಮುಗಿಸಿದಾರಾ?"

"ಮುಗಿಸಿ, ಮತ್ತೆ ಶುರು ಮಾಡಿದಾರೆ."

ಅವಳಿಗೆ ಆ ಕಾಣದ ಮುದುಕಿಯ ಮೇಲೆ ಹೊಟ್ಟೆಕಿಚ್ಚು ಬಂತು. ಎಷ್ಟು ಸಲೀಸಾಗಿ ತಲೆಯಡಿ ಇಟ್ಟುಕೊಂಡು ಮಲಗಿದ್ದಾರೆ! ಆಡಿಟರು ನೀರಿನ ಲೋಟವನ್ನು ಅವಳ ಕಡೆ ಸರಿಸಿ, ಸಮಾಧಾನ ಮಾಡುವ ದನಿಯಲ್ಲಿ, "ನೀವು ಯಾಕೆ ತಲೆ ಕೆಡಿಸ್ಕೋತೀರಿ? ಸಭೇಲಿ ನೀವು ಬೇಡ ಅಂದ್ರೆ ನಾನೂ ಬೇಡ ಅಂತೀನಿ. ಟೈಲ್ಸ್‌ನವರು ಹೇಗೂ ಬೇಡ ಅಂತಾರೆ. ಹತ್ತು ನಿಮಿಷದ ಕೆಲಸ. ಶುರು ಮಾಡಿದ್ದು ನೀವೇ ತಾನೆ?" ಎಂದರು.

ಬೀದಿಗೆ ಇಳಿದರೆ ಬಿಸಿಲು ಕಣ್ಣಿಗೆ ಹೊಡೆಯಿತು. ಹತ್ತು ನಿಮಿಷದ ಕೆಲಸ. ಅವಳು ಬೇಡ ಅಂದರೆ ಮೂವರೂ ಬೇಡ. ಬೇಕು ಅಂದರೆ? ಗೇಟಿನ ಹತ್ತಿರದ ಆ ನಾಲ್ಕು ಮುಖಗಳು, ಅಯ್ಯೋ ಹೌದಾ ಎಂದ ಮುಖಗಳು, ನಾಳೆ ಬೆಳಿಗ್ಗೆ ಹೇಗೆ ತಿರುಗುತ್ತವೆ? ಮೊನ್ನೆ ಬೇಡ ಅಂದವಳು ಇವತ್ತು ಬೇಕು ಅಂತಾಳಂತೆ, ಅವಳ ಮಾತಿಗೇನು, ಗಾಳಿ ಬಂದ ಕಡೆ ತೂರ್ತಾಳೆ. ಜನರೆದುರು ಆಡಿದ ಮಾತನ್ನು ಜನರೆದುರೇ ನುಂಗುವುದೆಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಅದೊಂದೇ ಅಲ್ಲ. ಯಾಕೆ ಆಡಿದೆ ಎಂಬುದೂ ಅದರ ಬಾಲದಲ್ಲೇ ಇರುತ್ತದೆ. ಆದರೂ ಕಾಲು ಚುರುಕಾಗಿ ನಡೆಯುತ್ತಿತ್ತು. ಹೆದರಿಕೆಯೋ ಸಂಭ್ರಮವೋ, ಎರಡೂ ಒಂದೇ ಜಾಗದಲ್ಲಿ, ಪಕ್ಕೆಲುಬಿನ ಕೆಳಗೆ, ಡಬಡಬ ಎನ್ನುತ್ತಿತ್ತು. ಅಂಗಡಿಯಲ್ಲಿ ಯಜಮಾನರು ಅವಳ ಮುಖವನ್ನೊಮ್ಮೆ ನೋಡಿದರು. "ಲಾಟರಿ ಹೊಡೀತಾ, ಜ್ವರಾನಾ? ಏನೇ ಆಗಲಿ, ನಾಲ್ಕೂವರೆಗೆ ಹೊರಡು. ಇವತ್ತು ನಿನ್ನ ಕೈಗೆ ಫ್ರೇಮು ಕೊಡೋ ಧೈರ್ಯ ನನಗಿಲ್ಲ" ಎಂದರು.

ಲೈಬ್ರರಿಯಲ್ಲಿ ಮಕ್ಕಳ ಕುರ್ಚಿಗಳೇ ಇದ್ದವು. ಟೈಲ್ಸ್‌ನವರು ಮೊಣಕಾಲನ್ನು ಗದ್ದಕ್ಕೆ ಮುಟ್ಟುವಂತೆ ಮಡಿಚಿ ಕೂತಿದ್ದರು. ಮೇಡಂ ಕಪಾಟಿನ ಪಕ್ಕ ನಿಂತು, ಆಗಲೇ ಒರೆಸಿದ ಪುಸ್ತಕಗಳನ್ನು ಇನ್ನೊಮ್ಮೆ ಒರೆಸುತ್ತಿದ್ದರು. ಆಡಿಟರು ಬಂದರು, ಅವರ ಹಿಂದೆ, ಮಗನ ಮೈಯ ಮರೆಯಲ್ಲಿ ಪೂರ್ತಿ ಅಡಗಿಹೋಗುವಷ್ಟು ಪುಟ್ಟ ಮುದುಕಿ, ಎದೆಗೆ ಬಟ್ಟೆಯ ಚೀಲವೊಂದನ್ನು ಅವುಚಿಕೊಂಡು. "ಬರಬೇಡಿ ಅಂದೆ, ಕೇಳಲಿಲ್ಲ" ಎಂದರು ಆಡಿಟರು ಯಾರ ಮುಖವನ್ನೂ ನೋಡದೆ. ಮುದುಕಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಸರಿಯಾಗಿ ಹಿಡಿಸಿದರು. ಆ ಚೀಲದ ಬಾಯಿಂದ ಕಂದು ಕಾಗದದ ಅಂಚು ಇಣುಕುತ್ತಿತ್ತು. ಅವಳ ಕಣ್ಣು ಅಲ್ಲೇ ನೆಟ್ಟುಕೊಂಡಿತು.

"ಶುರು ಮಾಡೋಣ" ಎಂದರು ಟೈಲ್ಸ್‌ನವರು. "ನನ್ನ ಪಾಲಲ್ಲಿ ಅಂಥದ್ದೇನಿಲ್ಲಪ್ಪ. ಬರೀ ನದಿ, ಬರೀ ದೋಣಿ. ಓದ್ತಾ ಓದ್ತಾ ನಿದ್ದೆ ಬಂತು. ಗಲಾಟೆ ಇರೋದು ನಿಮ್ಮ ಪಾಲಲ್ಲಿ. ನೀವು ಹೇಳಿಬಿಡಿ, ಎದ್ದು ಹೋಗೋಣ."

ಅವಳು ಎದ್ದು ನಿಂತಳು. ನಿಲ್ಲಬೇಕಾಗಿರಲಿಲ್ಲ, ಯಾರೂ ನಿಂತಿರಲಿಲ್ಲ. ಶಾಲೆಯ ಹುಡುಗಿಯ ಹಾಗೆ ನಿಂತುಬಿಟ್ಟದ್ದು ಗೊತ್ತಾಗಿ ನಾಚಿಕೆಯಾಯಿತು, ಕೂರುವುದು ಇನ್ನೂ ನಾಚಿಕೆ. "ಪುಸ್ತಕ ಇರಬೇಕು" ಎಂದಳು. ಒರೆಸುವ ಬಟ್ಟೆ ನಿಂತಿತು. ಮುಂದೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಹಾರಿಹೋಗಿ, ಬಾಯಿಗೆ ಬಂದದ್ದು ಕಥೆ. ಆಚೆ ದಡದ ಕೂಗು. ಅಗುಳಿ. ಸೌದೆಯ ಸುಳ್ಳು. ನೀರಿನ ನಾಲಗೆ. ಹೇಳುತ್ತ ಹೇಳುತ್ತ ಅವಳ ಕೈ ಇಲ್ಲದ ಲಾಟೀನನ್ನು ಎತ್ತಿ ಹಿಡಿಯಿತು. ಟೈಲ್ಸ್‌ನವರ ಮೊಣಕಾಲು ನಿಧಾನವಾಗಿ ಕೆಳಗಿಳಿದು, ಅವರು ಮುಂದಕ್ಕೆ ಬಾಗಿದ್ದರು.

"ಹೂಂ, ಬಾಗಿಲಲ್ಲಿ ಯಾರು?" ಎಂದರು.

"ಅದೇ ಗೊತ್ತಿಲ್ಲ ನನಗೆ. ಅಲ್ಲಿಗೆ ನೀವು ಕೊಯ್ದಿದ್ದೀರಿ."

"ನಾನು ಕೊಯ್ದೆ, ಸರಿ. ಹಿಡ್ಕೊಂಡಿದ್ದು ಯಾರು? ಗೇಟ್ ಹತ್ರ ಊರಿಗೆಲ್ಲ ಸಾರಿದ್ದು ಯಾರು? ನಿಮ್ಮ ಮಾತು ಕಟ್ಕೊಂಡು ನಾನು ಅಂಗಡಿ ಬಿಟ್ಟು ಇಲ್ಲಿ ಈ ಮಕ್ಕಳ ಕುರ್ಚಿ ಮೇಲೆ ಕೂತಿದೀನಿ." ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ನನಗೇನು ಪುಸ್ತಕದ ಮೇಲೆ ಹಗೆನಾ? ನನ್ನ ಮಗ ರಾತ್ರಿ ದೀಪ ಆರಿಸೋಕೆ ಬಿಡಲ್ಲ. ಅವನಮ್ಮ ಆಸ್ಪತ್ರೇಲಿ ಅಷ್ಟು ದಿನ ಇದ್ದು ಬಂದಾಗಿಂದ ಹಂಗೆ. ತಾಯಿ ಬಾಗಿಲು ಹಾಕ್ಕೊಂಡು ಹೋದ್ಲು ಅಂತ ಅವನು ಓದಿದ್ರೆ? ನಾನು ನೋಡದೆ ಇನ್ಯಾರು ನೋಡ್ತಾರೆ ಹೇಳಿ."

ಅವರು ನೋಡಬೇಕಾದವರೇ. ಅವರ ಭಯ ಪೂರ್ತಿ ಅವರದೇ, ಅದರಲ್ಲಿ ಬೆರಕೆಯಿಲ್ಲ, ತನ್ನದರ ಹಾಗಲ್ಲ. ಅದು ಅರ್ಥವಾದ ಕ್ಷಣ ಅವಳಿಗೆ ಬಚ್ಚಿಟ್ಟುಕೊಳ್ಳಲು ಏನೂ ಉಳಿಯಲಿಲ್ಲ. "ನಿಮ್ಮದು ನಿಜವಾದ ಚಿಂತೆ" ಎಂದಳು. "ನನ್ನದಲ್ಲ. ನಾನು ಒಂದೇ ಒಂದು ಪುಟ ನೋಡಿದ್ದು. ನನ್ನ ಮಗಳು ಓದೋವಾಗ ನಾನು ಕರೆದ್ರೆ ತಿರುಗಿ ನೋಡಲ್ಲ. ಅದಕ್ಕೆ ಸಿಟ್ಟು ಬಂತು. ಅಷ್ಟೇ. ಪುಸ್ತಕದ ತಪ್ಪೇನಿಲ್ಲ."

ಆಡಿಟರು ಮೇಜಿನ ಮೇಲಿದ್ದ ಗೀರನ್ನು ಉಗುರಿನಿಂದ ಕೆರೆದರು. ಯಾರೋ ನಕ್ಕಂತಾಯಿತು; ನಗು ಬಂದದ್ದು ಬಾಗಿಲ ಕಡೆಯಿಂದ.

"ಇವನೂ ಹಂಗೇ ಕಣಮ್ಮಾ" ಎಂದರು ಮುದುಕಿ, ಮಗನ ಕಡೆ ಗದ್ದ ತೋರಿಸಿ. "ನಾನು ಓದ್ತಾ ಕೂತ್ರೆ ಲೈಟಿನ ಬಿಲ್ಲು ನೆನಪಾಗುತ್ತೆ ಇವನಿಗೆ. ನೀನೇನೂ ಹೇಳಬೇಡ್ವೋ, ನಿನ್ನ ಪಾಲು ಓದಿದ್ದು ನಾನು, ಹೇಳೋಳೂ ನಾನೇ. ಇರಲಿ ಪುಸ್ತಕ. ಏನ್ರೀ ಟೈಲ್ಸ್‌ನೋರೇ, ನಿಮ್ಮ ಮಗ ಹೆದರ್ಕೊಳ್ತಾನೆ ಅಂದ್ರಲ್ಲ, ಇದು ಹೆದರ್ಕೊಳ್ಳೋ ಮಗೂದೇ ಕಥೆ. ಆ ಕೊನೇಲಿ ಆ ಹುಡುಗಿ ಇದ್ದಾಳಲ್ಲ, ಅವಳು ಬಾಗಿಲಲ್ಲಿ ನಿಂತಿದ್ದ..."

"ಅಯ್ಯೋ, ಹೇಳ್ಬೇಡಿ!" ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಅದೇ ಹೊತ್ತಿಗೆ ಟೈಲ್ಸ್‌ನವರೂ ಕೈ ಎತ್ತಿ, "ಇರಿ ಇರಿ ಇರಿ!" ಎಂದು ಕೂಗಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಟೈಲ್ಸ್‌ನವರಿಗೆ ನಗು ತಡೆಯಲಾಗಲಿಲ್ಲ. ಆ ಪುಟ್ಟ ಕುರ್ಚಿ ಕಿರುಗುಟ್ಟಿತು.

"ಸರಿಯಪ್ಪ, ಇರಲಿ ಪುಸ್ತಕ. ಆದ್ರೆ ನನ್ನ ಮಗನಿಗೆ ನಾನು ಮೊದಲು ಓದಿ ಆಮೇಲೆ ಕೊಡ್ತೀನಿ. ಪೂರ್ತಿ ಓದಿ. ಆ ಹಕ್ಕು ನನಗಿದೆ ತಾನೆ ಮೇಡಂ?"

"ಖಂಡಿತ ಇದೆ" ಎಂದರು ಮೇಡಂ. ಅಷ್ಟು ದಿನದಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲೇನೋ ಅನ್ನಿಸಿತು. "ಪುಸ್ತಕ ಹೊಲಿಯೋರು ನಾಳೆ ಬೆಳಿಗ್ಗೆ ಬರ್ತಾರೆ. ಹೊಲಿಗೆ ಹಾಕಿಸಿ ಮೊದಲು ನಿಮಗೇ ಕಳಿಸ್ತೀನಿ."

ನಾಳೆ ಬೆಳಿಗ್ಗೆ. ಆಮೇಲೆ ಹೊಲಿಗೆ, ಗೋಂದು ಒಣಗುವುದು, ಆಮೇಲೆ ಟೈಲ್ಸ್‌ನವರ ಮನೆಯಲ್ಲಿ ಅವರ ನಿದ್ದೆಯ ನಡುವೆ ನಡುವೆ ಓದು. ಸಭೆ ಎದ್ದು, ಕುರ್ಚಿಗಳು ಸರಿಯುವ ಸದ್ದಿನಲ್ಲಿ ಮೇಡಂ ಹತ್ತಿರ ಹೋಗಿ, "ಇವತ್ತು ಒಂದು ದಿನ..." ಎಂದಳು. ವಾಕ್ಯ ಮುಗಿಸಲು ನಾಚಿಕೆಯಾಯಿತು. ಇದೇ ಮೇಡಂ ಎದುರು ಪುಸ್ತಕವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಕೈಗಳು ಈಗ ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ತುದಿ ಹುಡುಕಿದವು. ಮೇಡಂ ಅವಳನ್ನೊಮ್ಮೆ ನೋಡಿದರು. "ನಿಮ್ಮ ಮಗಳು ದಿನಾ ಬಿಡುವಿನಲ್ಲಿ ಬಂದು ಆ ಕಪಾಟಿನ ಮುಂದೆ ನಿಲ್ತಾಳೆ" ಎಂದರು. "ಆ ಪುಸ್ತಕ ಇದ್ದ ಜಾಗ ನೋಡಿ ಹೋಗ್ತಾಳೆ. ಏನೂ ಕೇಳಲ್ಲ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಮುಂಚೆ ತಂದುಕೊಡಿ, ಆಯ್ತಾ?"

ಮುದುಕಿ ಮಾತ್ರ ಅಷ್ಟು ಸುಲಭವಾಗಿ ಕೊಡಲಿಲ್ಲ. "ನನಗೆ ಮುಂಚಿಂದು ಬೇಕು. ಕೊನೆ ಗೊತ್ತಿದ್ದೂ, ಯಾರಿಗೆ ಅಳಬೇಕು ಅಂತ ಗೊತ್ತಿಲ್ದೆ ಒದ್ದಾಡ್ತಿದೀನಿ" ಎಂದರು. ಟೈಲ್ಸ್‌ನವರು ತಮ್ಮ ಪಾಲನ್ನು ಅವರ ಮಡಿಲಲ್ಲಿಟ್ಟರು. ಆಗ ಚೀಲದ ಬಾಯಿ ಬಿಚ್ಚಿ ಮೂರನೆಯ ಪಾಲು ಹೊರಗೆ ಬಂತು, ದಿಂಬಿನ ಬಿಸಿ ಇನ್ನೂ ಇರುವಂತೆ ಮೆತ್ತಗೆ, ಮೂಲೆಗಳು ಮಡಿಚಿ. "ಗೋಂದು ಬಿಟ್ಟುಬಿಟ್ಟಿದೆ, ಹಾಳೆ ಜೋಪಾನ" ಎಂದು ಮುದುಕಿ ಅವಳ ಕೈಯನ್ನು ಒಮ್ಮೆ ಒತ್ತಿ ಬಿಟ್ಟರು.

ಬಸ್ಸಿನಲ್ಲಿ ಅದು ಅವಳ ತೊಡೆಯ ಮೇಲಿತ್ತು. ಹೊದಿಕೆ ತೆಗೆದರೆ ಮೊದಲ ಸಾಲು. ತೆಗೆಯಲಿಲ್ಲ. ತೆಗೆಯದೆ ಇರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಬೆರಳು ಕಾಗದದ ಅಂಚಿನ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಈ ಸಲ ನಿಲ್ದಾಣ ಬರುವ ಮೊದಲೇ ಎದ್ದು ಬಾಗಿಲಲ್ಲಿ ನಿಂತಳು. ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಮಗಳು ಮೇಜಿನ ಹತ್ತಿರ ಲೆಕ್ಕ ಮಾಡುತ್ತಿದ್ದಳು. ಕಂದು ಹೊದಿಕೆಯ ಎರಡು ತುಂಡುಗಳನ್ನು ಅವಳ ಲೆಕ್ಕದ ಮೇಲೆಯೇ ಇಟ್ಟಳು. ಹುಡುಗಿ ಮುಟ್ಟಲಿಲ್ಲ. ಅಮ್ಮನ ಮುಖ ನೋಡಿದಳು, ಇದರಲ್ಲಿ ಏನು ಮೋಸವಿದೆ ಎಂಬ ಹಾಗೆ.

"ಚೀಲ ನೀನು ಮುಟ್ಟಿರಲಿಲ್ಲ" ಎಂದಳು ಅವಳು. ಅದನ್ನೇ ಮೊದಲು ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. "ಜಿಪ್ಪು ಎಳೆದಿದ್ದು ನಾನೇ. ಪುಸ್ತಕಾನೂ ಹಂಗೇ. ತಪ್ಪು ನನ್ನದೇ ಪುಟ್ಟೀ. ಇವತ್ತು ಹೋಗಿ ಹೇಳಿ ಬಂದೆ. ಲೈಬ್ರರೀಲಿ ಇರುತ್ತೆ ಅದು."

"ಎಲ್ಲರ ಮುಂದೆ ಹೇಳಿದ್ಯಾ?"

"ಎಲ್ಲರ ಮುಂದೆ. ನಿಂತ್ಕೊಂಡು."

"ನಿಂತ್ಕೊಂಡಾ?" ಮಗಳ ತುಟಿಯ ತುದಿ ಅಲುಗಿತು. "ಯಾಕೆ ನಿಂತ್ಕೊಂಡೆ?"

"ಗೊತ್ತಿಲ್ವೇ, ನಿಂತ್ಕೊಂಡುಬಿಟ್ಟೆ."

ಹುಡುಗಿ ನಡುವಿನ ಪಾಲನ್ನು ಎಳೆದುಕೊಂಡು, ಅಗುಳಿ ಹಾಕಿದ ಪುಟವನ್ನು ಒಂದೇ ಸಲಕ್ಕೆ ತೆರೆದಳು. "ನೀನು ಕೊನೇದು ಓದಿದ್ಯಾ?"

"ಇಲ್ಲ."

"ಯಾಕೆ?"

"ನೀನು ಮೊದಲು."

ಆಮೇಲೆ ಮನೆಯಲ್ಲಿ ಹಾಳೆಯ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಅವಳು ಅಡುಗೆಮನೆಗೆ ಹೋದಳು, ಬಂದಳು, ಅಕ್ಕಿ ತೊಳೆದಳು, ಮತ್ತೆ ಬಂದು ಬಾಗಿಲಲ್ಲಿ ಇಣುಕಿದಳು. ಮಗಳು ಮಂಚಕ್ಕೆ ಹೋಗಿದ್ದಳು, ಮೊಣಕಾಲು ಮಡಿಚಿ, ಜಡೆಯ ತುದಿ ಬಾಯಲ್ಲಿ. ಎಲ್ಲಿಗೆ ಬಂದಿದ್ದಾಳೆ? ಸೌದೆಯ ಸುಳ್ಳಿಗೋ, ನೀರಿನ ನಾಲಗೆಗೋ? ಕೇಳಬೇಕೆನಿಸಿತು, ನಾಲಗೆ ಕಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಕೋಣೆಯೊಳಗಿನಿಂದ, "ಅಮ್ಮಾ!" ಎಂಬ ಕೂಗು ಬಂತು. ಸೌಟು ಹಿಡಿದುಕೊಂಡೇ ಓಡಿದಳು.

"ಏನೇ? ಯಾರೇ ಅದು, ಬಾಗಿಲಲ್ಲಿ?"

"ಹೇಳಲ್ಲ" ಎಂದಳು ಮಗಳು. ಕಣ್ಣು ಹೊಳೆಯುತ್ತಿತ್ತು, ಮುಖವೆಲ್ಲ ಕೆಂಪಗಾಗಿತ್ತು. ಗೋಂದು ಬಿಟ್ಟ ಮೊದಲ ಹಾಳೆಯನ್ನು ಮೆಲ್ಲಗೆ ಬಿಡಿಸಿ, ತಲೆ ಎತ್ತದೆ, ಅದನ್ನು ಹಿಂದಕ್ಕೆ ಚಾಚಿದಳು. "ನೀನೇ ಓದು. ನನ್ನ ಹಿಂದೆ ಹಿಂದೇನೇ ಬಾ. ಬೇಗ ಬೇಗ ಓದ್ಬೇಕು."

ಅವಳು ಒಲೆ ಆರಿಸಿ ಬಂದು ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಳು. ಮೇಲಿಂದ ಹಾಳೆಗಳು ಒಂದೊಂದಾಗಿ ಇಳಿದು ಬಂದವು. ಓದಿದಳು, ಕೆಲವು ಕಡೆ ಉಸಿರು ಬಿಗಿಹಿಡಿದು, ಒಂದು ಕಡೆ ಬಾಯಿಗೆ ಸೆರಗು ಒತ್ತಿಕೊಂಡು. ಒಂದು ಗಳಿಗೆಯಾದ ಮೇಲೆ ಹಾಳೆ ಬರುವುದು ತಡವಾಯಿತು. ಮಗಳು ಎಲ್ಲೋ ನಿಂತುಬಿಟ್ಟಿದ್ದಳು, ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದಳು. ಊಟದ ಹೊತ್ತು ಮೀರಿತ್ತು. ಅವಳು ಕರೆಯಲಿಲ್ಲ. ಎದ್ದು ಹೋಗಿ ಬಿಸಿ ಅನ್ನಕ್ಕೆ ಬೇಯಿಸಿದ ಸೊಪ್ಪು ಕಲಸಿ, ಚಮಚ ಇಟ್ಟು, ಸದ್ದಾಗದ ಹಾಗೆ ಕೋಣೆಗೆ ತಂದಳು. ಹಾಳೆಯ ಮೇಲೆ ನೆರಳು ಬೀಳದಂತೆ ದೀಪದ ಆಚೆ ಬದಿಯಿಂದ ಸುತ್ತಿ ಬಂದು, ತಟ್ಟೆಯನ್ನು ಮಗಳ ಕೈಗೆ ತಾಗುವಷ್ಟು ಹತ್ತಿರ ಹಿಡಿದಳು. ಹುಡುಗಿಯ ಕಣ್ಣು ಪುಟದಿಂದ ಕದಲಲಿಲ್ಲ. ಬೆರಳುಗಳು ಗಾಳಿಯಲ್ಲಿ ಹುಡುಕಿ ತಟ್ಟೆಯ ಅಂಚು ಹಿಡಿದುಕೊಂಡವು. ಅವಳು ಕೈ ಬಿಟ್ಟಳು.